ಒಂದು ಯಂತ್ರ, ಇಬ್ಬರು ಪಾರುಪತ್ಯಗಾರರು

ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಮನೆಯ ಯಜಮಾನ ಪರಸ್ಥಳಕ್ಕೆ ಹೊರಟುಹೋದ ಪ್ರಸಂಗ ಯಾವ ಮನೆಯಲ್ಲಿಯಾದರೂ ಒಂದು ಸಲ ನಡೆದೇ ಇರುತ್ತದೆ. ನಮ್ಮ ಮನೆಯಲ್ಲಿ ಅದು ಕೆಲವು ವರ್ಷಗಳ ಹಿಂದೆ, ಸ್ವಲ್ಪ ವಿಚಿತ್ರವಾದ ರೀತಿಯಲ್ಲಿ ನಡೆಯಿತು. ಎರಡು ದಿನದ ಕೆಲಸಕ್ಕೆಂದು ನಾನು ಮೈಸೂರಿಗೆ ಹೋಗಿದ್ದೆ. ಚೀಲದಲ್ಲಿ ಅಂಗೈಯಗಲದ ಒಂದು ಹಾರ್ಡ್ ಡಿಸ್ಕ್ ಇತ್ತು. ರಾತ್ರಿ ಮನೆಯಿಂದ ಫೋನು ಬಂತು.

"ಏನ್ರೀ, ಕಂಪ್ಯೂಟರಿಗೆ ಏನು ಮಾಡಿಟ್ಟು ಹೋಗಿದ್ದೀರಿ? ಪರದೆಯೆಲ್ಲ ಕಪ್ಪು. ‘ಗ್ರಬ್ ರೆಸ್ಕ್ಯೂ’ ಅಂತ ಒಂದು ಸಾಲು ಬಂದು ಕೂತಿದೆ. ಮಗಳ ಅರ್ಜಿಗೆ ನಾಳೆಯೇ ಕಡೆಯ ದಿನ."

"ನಾನೇನೂ ಮಾಡಿಲ್ಲವಲ್ಲ. ಒಳಗಿನ ಡಿಸ್ಕನ್ನು ನಾನು ಮುಟ್ಟಿಯೇ ಇಲ್ಲ" ಎಂದೆ.

"ಮುಟ್ಟದೆ ಹೀಗಾಗುತ್ತದೆಯೆ?"

ಮಾರನೆಯ ಬೆಳಿಗ್ಗೆ ಮಗಳು ಬೀದಿಯ ಕೊನೆಯ ಸೈಬರ್ ಸೆಂಟರಿನಲ್ಲಿ ಕಾದು ನಿಂತು ಅರ್ಜಿ ತುಂಬಿದಳು. ಕೆಲಸವೇನೋ ಆಯಿತು, ಆದರೆ ಹೆಂಡತಿಯ ಪ್ರಶ್ನೆ ನನ್ನಲ್ಲಿ ಉಳಿಯಿತು. ಅದಕ್ಕೆ ಉತ್ತರ ಹುಡುಕುತ್ತ ಹೋದವನಿಗೆ ಅರುವತ್ತು ವರ್ಷಗಳ ಒಂದು ಚರಿತ್ರೆಯೇ ಕಾಣಸಿಕ್ಕಿತು.

ನಡೆದುದಿಷ್ಟು. ನಮ್ಮ ಕಂಪ್ಯೂಟರಿನಲ್ಲಿ ಮೊದಲಿನಿಂದ ಇದ್ದದ್ದು ವಿಂಡೋಸ್. ಹಳೆಯ ‘ನುಡಿ’, ‘ಬರಹ’ ಅಕ್ಷರಗಳಲ್ಲಿ ಬೆರಳಚ್ಚು ಮಾಡಿಟ್ಟ ನನ್ನ ಬರವಣಿಗೆಯೆಲ್ಲ ಅದರಲ್ಲಿಯೇ ಇದ್ದುದರಿಂದ ಅದನ್ನು ಬಿಡುವಂತಿರಲಿಲ್ಲ. ಲಿನಕ್ಸನ್ನು ಬಳಸಿ ನೋಡಬೇಕೆಂಬ ಆಸೆಯೂ ಬಿಡಲಿಲ್ಲ. ಆದುದರಿಂದ ಲಿನಕ್ಸನ್ನು ಹೊರಗಿನ ಡಿಸ್ಕೊಂದರಲ್ಲಿ ಸ್ಥಾಪಿಸಿದೆ. ತಂತಿ ಸಿಕ್ಕಿಸಿದರೆ ಲಿನಕ್ಸ್, ಕಿತ್ತರೆ ವಿಂಡೋಸ್. ಒಬ್ಬರ ತಂಟೆಗೆ ಇನ್ನೊಬ್ಬರು ಬರುವುದಿಲ್ಲವೆಂದು ನನ್ನ ಲೆಕ್ಕ.

ಆಪರೇಟಿಂಗ್ ಸಿಸ್ಟಂ ಎಂಬುದು ಕಂಪ್ಯೂಟರಿನ ಪಾರುಪತ್ಯಗಾರ. ಕೀಲಿಮಣೆ, ಪರದೆ, ಡಿಸ್ಕು, ಮುದ್ರಣಯಂತ್ರ ಎಲ್ಲವೂ ಅವನ ಸುಪರ್ದಿನಲ್ಲಿರುತ್ತವೆ. ಉಳಿದ ತಂತ್ರಾಂಶಗಳು ಏನು ಬೇಕಾದರೂ ಅವನನ್ನೇ ಕೇಳಬೇಕು. ಪಾರುಪತ್ಯಗಾರ ಯಜಮಾನನಲ್ಲ, ಯಜಮಾನ ಯಂತ್ರವನ್ನು ಹಣಕೊಟ್ಟು ಕೊಂಡವನು. ಆದರೆ ಬಹುಕಾಲ ಒಂದೇ ಮನೆಯಲ್ಲಿ ನಿಂತ ಪಾರುಪತ್ಯಗಾರನಿಗೆ ಈ ವ್ಯತ್ಯಾಸ ಮರೆತುಹೋಗುವುದುಂಟು. ಯಜಮಾನನಿಗೂ ಮರೆತುಹೋಗುತ್ತದೆ.

ಮೊದಲು ಹೀಗಿರಲಿಲ್ಲ. 1956ರಲ್ಲಿ ಐ.ಬಿ.ಎಂ. ಸಂಸ್ಥೆಯವರು ‘ರಾಮ್ಯಾಕ್’ ಯಂತ್ರದೊಂದಿಗೆ ಹೊರತಂದ ಮೊದಲ ಡಿಸ್ಕ್ ಬೀರುವಿನಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳು ಇದ್ದವು. ಅವೆಲ್ಲ ಸೇರಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ. ಅದನ್ನು ಕದಲಿಸುವ ಮಾತೇ ಇರಲಿಲ್ಲ. ಆರು ವರ್ಷಗಳ ಮೇಲೆ, 1962ರಲ್ಲಿ, ಅದೇ ಸಂಸ್ಥೆ 1311 ಎಂಬ ಡಿಸ್ಕ್ ಯಂತ್ರವನ್ನು ತಂದಿತು. ಇದರ ತಟ್ಟೆಗಳ ಕಟ್ಟನ್ನು ಮುಚ್ಚಳ ಹಾಕಿ ಹೊರಗೆತ್ತಬಹುದಾಗಿತ್ತು. ತೂಕ ಸುಮಾರು 10 ಪೌಂಡ್, ಹಿಡಿಸುತ್ತಿದ್ದುದು 20 ಲಕ್ಷ ಅಕ್ಷರ. ಒಂದು ಕಟ್ಟನ್ನು ತೆಗೆದು ಇನ್ನೊಂದನ್ನು ಇಟ್ಟರೆ ಅದೇ ಯಂತ್ರ ಬೇರೊಂದು ಕೆಲಸಕ್ಕೆ ಸಿದ್ಧವಾಗುತ್ತಿತ್ತು. ನನ್ನ ಚೀಲದಲ್ಲಿದ್ದ ಡಿಸ್ಕಿಗೆ ಇದೇ ಮುತ್ತಜ್ಜ.

ಮನೆಗಳಿಗೆ ಕಂಪ್ಯೂಟರು ಬಂದ ಕಾಲದಲ್ಲಿಯೂ ಪಾರುಪತ್ಯಗಾರ ಹೊರಗಿನಿಂದಲೇ ಬರುತ್ತಿದ್ದ. 1981ರ ಆಗಸ್ಟ್ 12ರಂದು ಐ.ಬಿ.ಎಂ. ತನ್ನ ಪಿ.ಸಿ.ಯನ್ನು ಪ್ರಕಟಿಸಿದಾಗ ಅದರೊಳಗೆ ಹಾರ್ಡ್ ಡಿಸ್ಕೇ ಇರಲಿಲ್ಲ. ವ್ಯವಸ್ಥೆಯನ್ನು ಫ್ಲಾಪಿಯಲ್ಲಿ ಕೊಂಡುತಂದು ಯಂತ್ರದ ಬಾಯಿಗೆ ಇಡಬೇಕಾಗಿತ್ತು. ಅದರಲ್ಲಿಯೂ ಒಂದೇ ಅಲ್ಲ, ಮೂರು ಆಯ್ಕೆ: ಮೈಕ್ರೋಸಾಫ್ಟಿನವರು ಒದಗಿಸಿದ ಪಿ.ಸಿ. ಡಾಸ್, ಡಿಜಿಟಲ್ ರಿಸರ್ಚಿನವರ ಸಿ.ಪಿ.ಎಂ.-86 ಮತ್ತು ಯು.ಸಿ.ಎಸ್.ಡಿ. ಪಿ-ಸಿಸ್ಟಂ. ಡಾಸಿನ ಬೆಲೆ 40 ಡಾಲರ್, ಸಿ.ಪಿ.ಎಂ.-86ರದು 240. ಬೆಲೆಯ ಈ ಅಂತರ ಮುಂದಿನ ಚರಿತ್ರೆಯನ್ನು ಬಹುಮಟ್ಟಿಗೆ ನಿರ್ಧರಿಸಿತು ಎಂದರೆ ತಪ್ಪಾಗಲಾರದು. ಆದರೆ ಇಲ್ಲಿ ಗಮನಿಸಬೇಕಾದುದು ಬೇರೆ: ಬೆಳಿಗ್ಗೆ ಒಂದು ಫ್ಲಾಪಿ, ಸಂಜೆ ಇನ್ನೊಂದು ಫ್ಲಾಪಿ ಹಾಕಲು ಯಜಮಾನ ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ.

1983ರ ಮಾರ್ಚಿನಲ್ಲಿ ಬಂದ ಪಿ.ಸಿ. ಎಕ್ಸ್.ಟಿ. ಈ ಸ್ಥಿತಿಯನ್ನು ಬದಲಾಯಿಸಿತು. ಅದರ ಹೊಟ್ಟೆಯಲ್ಲಿ 10 ಮೆಗಾಬೈಟಿನ ಹಾರ್ಡ್ ಡಿಸ್ಕ್ ಇತ್ತು. ಪಾರುಪತ್ಯಗಾರ ಅಂದಿನಿಂದ ಮನೆಯೊಳಗೇ ಬಿಡಾರ ಹೂಡಿದ. ಅನುಕೂಲವಾಯಿತು, ನಿಜ. ಆಗಲೇ ಡಿಸ್ಕಿನ ಮೊಟ್ಟಮೊದಲ 512 ಬೈಟುಗಳಿಗೆ ಒಂದು ಕಟ್ಟುಪಾಡು ಏರ್ಪಟ್ಟಿತು. ಯಂತ್ರಕ್ಕೆ ವಿದ್ಯುತ್ತು ಹರಿದೊಡನೆ ಬಯಾಸ್ ಎಂಬ ಬಾಗಿಲ ಕಾವಲುಗಾರ ಎಚ್ಚರಗೊಂಡು ಆ 512 ಬೈಟುಗಳನ್ನು ಮಾತ್ರ ಓದುತ್ತಾನೆ. ಅವುಗಳಲ್ಲಿ 446 ಬೈಟುಗಳು ಮುಂದಿನ ವ್ಯವಸ್ಥೆಯನ್ನು ಎಬ್ಬಿಸುವ ಪುಟ್ಟ ಕ್ರಮವಿಧಿಗೆ ಮೀಸಲು. 64 ಬೈಟುಗಳು ಡಿಸ್ಕಿನ ಪಾಲುಪಟ್ಟಿ. ಕೊನೆಯ ಎರಡು ಬೈಟು ಸಹಿ. ನಮ್ಮ ಅವಿಭಕ್ತ ಕುಟುಂಬಗಳಲ್ಲಿ ಅಣ್ಣತಮ್ಮಂದಿರು ಬರೆಸಿಕೊಳ್ಳುವ ಪಾಲುಪಟ್ಟಿಯಂತೆಯೇ ಇದೂ: ಡಿಸ್ಕನ್ನು ನಾಲ್ಕು ಹಿಸೆಗಳವರೆಗೆ ಒಡೆದು ಬೇರೆಬೇರೆ ವ್ಯವಸ್ಥೆಗಳಿಗೆ ಹಂಚಿಕೊಡಬಹುದು. ಎರಡನೆಯವನಿಗೆ ಹೀಗೆ ಕಾನೂನಿನ ಪ್ರಕಾರ ಜಾಗವೇನೋ ಸಿಕ್ಕಿತು. ಆದರೆ ಪಾಲಾದ ಮನೆಯಲ್ಲಿ ಗೋಡೆ ಎಷ್ಟು ತೆಳುವೆಂಬುದು ಇದ್ದವರಿಗೇ ಗೊತ್ತು.

ಇದಕ್ಕೆ ಒಂದು ಪ್ರಸಿದ್ಧ ಉದಾಹರಣೆಯುಂಟು. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಲೀನುಸ್ ಟೋರ್ವಾಲ್ಡ್ಸ್ 1991ರ ಆರಂಭದಲ್ಲಿ ಒಂದು ಪಿ.ಸಿ. ಕೊಂಡ. ಆಮ್‌ಸ್ಟರ್‌ಡಾಮಿನ ಪ್ರಾಧ್ಯಾಪಕ ಆಂಡ್ರ್ಯೂ ಟಾನೆನ್‌ಬಾಮ್ ಪಾಠಕ್ಕಾಗಿ ಬರೆದಿದ್ದ ‘ಮಿನಿಕ್ಸ್’ ವ್ಯವಸ್ಥೆಯನ್ನು ಅದರಲ್ಲಿ ಹಾಕಿಕೊಂಡು, ಅದರ ಪಕ್ಕದ ಹಿಸೆಯಲ್ಲಿ ತನ್ನದೇ ವ್ಯವಸ್ಥೆಯನ್ನು ಕಟ್ಟತೊಡಗಿದ. ಅದೇ ಮುಂದೆ ಲಿನಕ್ಸ್ ಆದುದು. ಒಂದು ದಿನ ಮೋಡೆಮ್ಮಿಗೆ ದೂರವಾಣಿ ಸಂಖ್ಯೆಯನ್ನು ಕಳುಹಿಸಲು ಹೋಗಿ, ಕೈತಪ್ಪಿ ಅದನ್ನು ಹಾರ್ಡ್ ಡಿಸ್ಕಿನ ಮೇಲೆಯೇ ಬರೆದುಬಿಟ್ಟ. ಮಿನಿಕ್ಸಿನ ಹಿಸೆ ಹಾಳಾಯಿತು. ಅದನ್ನು ಮತ್ತೆ ಸ್ಥಾಪಿಸುವ ಬದಲು ತನ್ನ ಕೂಸನ್ನೇ ನಂಬಿ ಮುಂದುವರಿದನೆಂದು ಆತನೇ ಹೇಳಿಕೊಂಡಿದ್ದಾನೆ. ಆತನಿಗೆ ಅದರಿಂದ ಒಳ್ಳೆಯದೇ ಆಯಿತು. ನಮ್ಮ ನಿಮ್ಮಂಥವರ ಕೈತಪ್ಪಿದರೆ ಹೋಗುವುದು ಹತ್ತು ವರ್ಷಗಳ ಪತ್ರಗಳು, ಮಕ್ಕಳ ಚಿತ್ರಗಳು.

ಹಾಗಾದರೆ ಎರಡನೆಯವನನ್ನು ಮನೆಯ ಹೊರಗೇ ಇರಿಸಬಾರದೆ? ಇರಿಸಬಹುದು, ಆದರೆ ಬಾಗಿಲ ಕಾವಲುಗಾರನಿಗೆ ಅವನ ಗುರುತು ಇರಬೇಕು. 1985ರ ಸೆಪ್ಟೆಂಬರಿನಲ್ಲಿ ಆಪಲ್ ಸಂಸ್ಥೆ ಮ್ಯಾಕಿಂಟಾಷ್ ಯಂತ್ರಕ್ಕೆಂದು 20 ಮೆಗಾಬೈಟಿನ ಒಂದು ಹೊರಡಿಸ್ಕನ್ನು ಮಾರಾಟಕ್ಕೆ ತಂದಿತು. ಆಗಿನ ಮ್ಯಾಕಿನ ಕಾವಲುಗಾರನಿಗೆ ಅದರ ಪರಿಚಯವೇ ಇರಲಿಲ್ಲ. ಆದುದರಿಂದ ಮೊದಲು ಒಂದು ಫ್ಲಾಪಿಯಿಂದ ಯಂತ್ರವನ್ನು ಎಬ್ಬಿಸಿ, ಆ ಫ್ಲಾಪಿಯ ಶಿಫಾರಸಿನ ಮೇಲೆ ಡಿಸ್ಕನ್ನು ಒಳಗೆ ಕರೆದುಕೊಳ್ಳಬೇಕಾಗಿತ್ತು. 1986ರ ಜನವರಿಯಲ್ಲಿ ಬಂದ ಮ್ಯಾಕ್ ಪ್ಲಸ್ಸಿನಲ್ಲಿ ಹೊಸ ರಾಮ್ ಚಿಪ್ಪು ಇಟ್ಟಮೇಲೆ ಶಿಫಾರಸು ಬೇಕಾಗಲಿಲ್ಲ.

ಪಿ.ಸಿ.ಗಳಲ್ಲಿ ಈ ಸೌಕರ್ಯಕ್ಕೆ ಬಹಳ ಕಾಲ ಕಾಯಬೇಕಾಯಿತು. ಇಂಟೆಲ್ ಸಂಸ್ಥೆಯಲ್ಲಿದ್ದ ವಡೋದರದ ಅಜಯ್ ಭಟ್ ಮತ್ತು ಸಂಗಡಿಗರ ದುಡಿಮೆಯಿಂದ ಯು.ಎಸ್.ಬಿ. ಎಂಬ ಸರ್ವಸಾಮಾನ್ಯ ಕಿಂಡಿ 1996ರಲ್ಲಿ ಬಂತು. ಅದರ ಮೊದಲ ವೇಗ ಸೆಕೆಂಡಿಗೆ 12 ಮೆಗಾಬಿಟ್. ಎಂದರೆ ಹೆಚ್ಚೆಂದರೆ ಒಂದೂವರೆ ಮೆಗಾಬೈಟ್. ಆ ಕಿಂಡಿಯಲ್ಲಿ 300 ಮೆಗಾಬೈಟ್ ಹಾದುಬರುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದು. 2000ದಲ್ಲಿ ವೇಗ 480 ಮೆಗಾಬಿಟ್ಟಿಗೂ, 2008ರಲ್ಲಿ 5 ಗಿಗಾಬಿಟ್ಟಿಗೂ ಏರಿತು. ಹೊರಡಿಸ್ಕಿನಲ್ಲಿ ಇಡೀ ವ್ಯವಸ್ಥೆಯನ್ನು ನಡೆಸುವುದು ಆಗ ಹುಡುಗಾಟವಾಗಿ ಉಳಿಯಲಿಲ್ಲ.

ಈ ನಡುವೆ 2000ದಲ್ಲಿಯೇ ಜರ್ಮನಿಯ ಕ್ಲಾಸ್ ಕ್ನಾಪರ್ ‘ಕ್ನಾಪಿಕ್ಸ್’ ಎಂಬ ಲಿನಕ್ಸನ್ನು ಒಂದೇ ಸಿ.ಡಿ.ಯಲ್ಲಿ ಅಡಕಮಾಡಿ ಹೊರತಂದ. ಸಿ.ಡಿ. ಹಾಕಿದರೆ ಯಂತ್ರ ಏಳುತ್ತದೆ, ಒಳಗಿನ ಹಾರ್ಡ್ ಡಿಸ್ಕಿನಲ್ಲಿ ಒಂದಕ್ಷರವನ್ನೂ ಬರೆಯುವುದಿಲ್ಲ. ತೆಗೆದರೆ ಬಂದ ಸುಳಿವೇ ಇಲ್ಲ. ಪ್ರತಿಸಲ ಏಳುವಾಗಲೂ ಅದು ಎದುರಿಗಿರುವ ಯಂತ್ರದ ಅಂಗಾಂಗಗಳನ್ನು ಹೊಸದಾಗಿ ಗುರುತಿಸಿಕೊಳ್ಳುತ್ತದೆ. ಊರೂರು ತಿರುಗುವ ವೈದ್ಯ ಪ್ರತಿ ಮನೆಯಲ್ಲಿಯೂ ಮೊದಲು ನಾಡಿ ಹಿಡಿದು ನೋಡುವಂತೆ. ಹೊರಡಿಸ್ಕಿನ ಲಿನಕ್ಸ್ ಹಲವು ಯಂತ್ರಗಳಲ್ಲಿ ಓಡುವುದೂ ಈ ಗುಣದಿಂದಲೇ.

ವಿಂಡೋಸಿಗೆ ಈ ಅಲೆಮಾರಿ ಬದುಕು ಒಗ್ಗಲಿಲ್ಲ. ವಿಂಡೋಸ್ ಎಕ್ಸ್‌.ಪಿ.ಯನ್ನು ಯು.ಎಸ್.ಬಿ. ಡಿಸ್ಕಿನಿಂದ ಎಬ್ಬಿಸಿದರೆ, ಅದು ಅರ್ಧ ಎದ್ದಮೇಲೆ ಯು.ಎಸ್.ಬಿ. ಸಾಧನಗಳನ್ನೆಲ್ಲ ಮತ್ತೆ ಮೊದಲಿನಿಂದ ಎಣಿಸುವುದಕ್ಕಾಗಿ ಆ ದಾರಿಯನ್ನೇ ಒಮ್ಮೆ ಕಡಿದುಹಾಕುತ್ತಿತ್ತು. ತಾನು ಕುಳಿತ ಕೊಂಬೆಯನ್ನು ತಾನೇ ಕಡಿದ ಕಾಳಿದಾಸನ ಕಥೆ ಓದುಗರಿಗೆ ನೆನಪಾದೀತು. 2012ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 8ರ ಜೊತೆಯಲ್ಲಿ, ದೊಡ್ಡ ಕಛೇರಿಗಳಿಗೆಂದು ‘ವಿಂಡೋಸ್ ಟು ಗೋ’ ಎಂಬ ಏರ್ಪಾಡನ್ನು ತಂದಿತು. ಅದು ಅತಿಥಿಧರ್ಮವನ್ನು ಚೆನ್ನಾಗಿ ಅರಿತಿತ್ತು. ಒಳಗಿನ ಡಿಸ್ಕುಗಳನ್ನು ತಾನಾಗಿ ತೆರೆಯುತ್ತಿರಲಿಲ್ಲ. ಕೆಲಸದ ನಡುವೆ ಡಿಸ್ಕನ್ನು ಕಿತ್ತರೆ ಪರದೆ ಇದ್ದಂತೆಯೇ ನಿಂತುಬಿಡುತ್ತಿತ್ತು. 60 ಸೆಕೆಂಡಿನೊಳಗೆ ಮತ್ತೆ ಸಿಕ್ಕಿಸಿದರೆ ಕೆಲಸ ಬಿಟ್ಟಲ್ಲಿಂದ ಸಾಗುತ್ತಿತ್ತು, ಇಲ್ಲವಾದರೆ ಯಂತ್ರ ಆರಿಹೋಗುತ್ತಿತ್ತು. ಇಷ್ಟು ಅಚ್ಚುಕಟ್ಟಾದ ಏರ್ಪಾಡನ್ನು 2020ರಲ್ಲಿ ವಿಂಡೋಸ್ 10ರಿಂದ ತೆಗೆದುಹಾಕಲಾಯಿತು.

ಬಾಗಿಲನ್ನು ಭದ್ರಪಡಿಸಲು ಕಾರಣಗಳು ಇಲ್ಲವೆಂದಲ್ಲ. 1986ರಲ್ಲಿ ಲಾಹೋರಿನಿಂದ ಹೊರಟ ‘ಬ್ರೈನ್’ ಎಂಬ ವೈರಸ್ಸು ಫ್ಲಾಪಿಗಳ ಆ ಮೊದಲ 512 ಬೈಟುಗಳಲ್ಲಿಯೇ ಅಡಗಿ ದೇಶದೇಶಗಳಿಗೆ ಹರಡಿತ್ತು. ಹೊರಡಿಸ್ಕಿನಿಂದ ಯಂತ್ರವನ್ನು ಎಬ್ಬಿಸಬಲ್ಲ ಕಳ್ಳ, ಗುಪ್ತಲಿಪಿಯ ರಕ್ಷಣೆಯಿಲ್ಲದ ಒಳಡಿಸ್ಕನ್ನು ಗುಪ್ತಪದವಿಲ್ಲದೆಯೇ ಓದಬಲ್ಲ. ಹೀಗಾಗಿ 2012ರ ಸುಮಾರಿಗೆ ‘ಸೆಕ್ಯೂರ್ ಬೂಟ್’ ಎಂಬ ಕಟ್ಟು ಬಂತು: ಮಾನ್ಯತೆ ಪಡೆದ ಸಹಿಯಿದ್ದ ವ್ಯವಸ್ಥೆಗೆ ಮಾತ್ರ ಪ್ರವೇಶ. ಆ ಸಹಿಯನ್ನು ಹಾಕುವವರು ಬಹುಮಟ್ಟಿಗೆ ಮೈಕ್ರೋಸಾಫ್ಟಿನವರೇ ಆದುದರಿಂದ ಲಿನಕ್ಸಿನವರೂ ಅವರ ಸಹಿಯನ್ನೇ ಪಡೆಯಬೇಕಾಯಿತು. ವಿಂಡೋಸ್ 8ರ ಕಾಲದ ನಿಯಮದಂತೆ ಸಾಮಾನ್ಯ ಪಿ.ಸಿ.ಗಳಲ್ಲಿ ಯಜಮಾನನು ಈ ಕಟ್ಟನ್ನು ತೆಗೆಯಲು ಅವಕಾಶವಿರಲೇಬೇಕಾಗಿತ್ತು. 2015ರಲ್ಲಿ ವಿಂಡೋಸ್ 10 ಬಂದಾಗ ಅದು ತಯಾರಕರ ಇಷ್ಟಕ್ಕೆ ಬಿಟ್ಟ ಮಾತಾಯಿತು. 2017ರ ಕೊನೆಯಿಂದ ಬಂದ, ಟಿ2 ಚಿಪ್ಪುಳ್ಳ ಮ್ಯಾಕುಗಳಲ್ಲಂತೂ ಯಜಮಾನ ತಾನಾಗಿ ಹೋಗಿ, ಗುಪ್ತಪದ ಕೊಟ್ಟು ಸಡಿಲಿಸುವವರೆಗೆ ಹೊರಡಿಸ್ಕಿಗೆ ಬಾಗಿಲು ಮುಚ್ಚಿಯೇ ಇರುತ್ತದೆ.

ಬೀಗ ಬೇಡವೆಂದು ನಾನು ಹೇಳಲಾರೆ. ಬೀಗವಿಲ್ಲದ ಮನೆ ಯಾರಿಗೆ ಬೇಕು? ನನ್ನ ತಕರಾರು ಬೀಗದ ಕೈ ಯಾರಲ್ಲಿರಬೇಕೆಂಬುದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. 2021ರಲ್ಲಿ ಬಂದ ವಿಂಡೋಸ್ 11 ಕೇಳುವ ಟಿ.ಪಿ.ಎಂ. 2.0 ಮೊದಲಾದ ಅರ್ಹತೆಗಳು ನಮ್ಮ ಹಳೆಯ ಯಂತ್ರದಂಥವಕ್ಕೆ ಇಲ್ಲ. ಗಟ್ಟಿಮುಟ್ಟಾಗಿರುವ ಆ ಯಂತ್ರಗಳನ್ನು ಗುಜರಿಗೆ ಹಾಕಬೇಕೆ, ಇನ್ನೊಬ್ಬ ಪಾರುಪತ್ಯಗಾರನನ್ನು ಕರೆತರಬೇಕೆ ಎಂಬ ಪ್ರಶ್ನೆ ಎಷ್ಟೋ ಮನೆಗಳಿಗೆ ಎದುರಾಗಿದೆ. ಮೊದಲೇ ಹಳಬನನ್ನು ಓಡಿಸದೆ, ಹೊಸಬನನ್ನು ಹೊರಗಿನ ಡಿಸ್ಕಿನಲ್ಲಿ ನಾಲ್ಕು ದಿನ ಇಟ್ಟು ನೋಡುವುದಕ್ಕಿಂತ ಒಳ್ಳೆಯ ಉಪಾಯ ನನಗೆ ತೋರುವುದಿಲ್ಲ. ಹಾಗೆ ನೋಡಲು ಬಾಗಿಲು ತೆರೆಯಬೇಕು, ಅಷ್ಟೆ.

ಈಗ ನನ್ನ ಹೆಂಡತಿಯ ಪ್ರಶ್ನೆಗೆ ಬರುತ್ತೇನೆ. ಮೈಸೂರಿನಿಂದ ಬಂದು ಹೊರಡಿಸ್ಕನ್ನು ಸಿಕ್ಕಿಸಿದೊಡನೆ ಯಂತ್ರ ಏನೂ ಆಗದಂತೆ ಎದ್ದಿತು. ಆಗ ಸಂಗತಿ ತಿಳಿಯಿತು. ಲಿನಕ್ಸನ್ನು ಸ್ಥಾಪಿಸುವಾಗ ‘ಎಬ್ಬಿಸುವ ಕ್ರಮವಿಧಿಯನ್ನು ಎಲ್ಲಿ ಇಡಲಿ?’ ಎಂದು ಅದು ಕೇಳಿತ್ತು. ನಾನು ಓದದೆಯೇ ಒಪ್ಪಿಗೆಯ ಗುಂಡಿಯನ್ನೊತ್ತಿದ್ದೆ. ಲಿನಕ್ಸೆಲ್ಲ ಹೊರಡಿಸ್ಕಿಗೆ ಹೋಗಿತ್ತು. ಆ 446 ಬೈಟುಗಳು ಮಾತ್ರ ಒಳಡಿಸ್ಕಿನ ತಲೆಯ ಮೇಲೆ ಕುಳಿತಿದ್ದವು. ಯಂತ್ರ ಏಳುವಾಗ ಅವು ಮುಂದಿನ ಆಜ್ಞೆಗಾಗಿ ಹೊರಡಿಸ್ಕನ್ನು ಹುಡುಕುತ್ತಿದ್ದವು. ಅದೋ ಮೈಸೂರಿನಲ್ಲಿ ನನ್ನ ಚೀಲದಲ್ಲಿ. ವಿಂಡೋಸ್ ತನ್ನ ಕೋಣೆಯಲ್ಲಿ ಸುಖವಾಗಿಯೇ ಇತ್ತು. ಅದನ್ನು ಕರೆಯುವವರು ಇರಲಿಲ್ಲ. ಬೀಗದ ಕೈಯನ್ನು ಒಯ್ದವನು ನಾನೇ.

ವಿಂಡೋಸಿನ ರಿಪೇರಿ ಸಿ.ಡಿ.ಯಿಂದ ಒಳಡಿಸ್ಕಿನ ಮೊದಲ ಬೈಟುಗಳನ್ನು ಸರಿಪಡಿಸಿದೆ. ಅನಂತರ ಪೆಟ್ಟಿಗೆಯನ್ನು ಬಿಚ್ಚಿ, ಒಳಡಿಸ್ಕಿನ ತಂತಿಯನ್ನೇ ಕಿತ್ತಿಟ್ಟು, ಲಿನಕ್ಸನ್ನು ಹೊರಡಿಸ್ಕಿನಲ್ಲಿ ಮತ್ತೊಮ್ಮೆ ಸ್ಥಾಪಿಸಿದೆ. ಈ ಸಲ ಅದಕ್ಕೆ ತನ್ನ ಡಿಸ್ಕಿನ ಹೊರತು ಕೈಯಿಡಲು ಬೇರೆ ಜಾಗವೇ ಇರಲಿಲ್ಲ. ಅಂದಿನಿಂದ ಇಬ್ಬರೂ ತಮ್ಮ ತಮ್ಮ ಮಿತಿಯಲ್ಲಿದ್ದಾರೆ.

ಈಚೆಗೆ ಮಗಳು ಊರಿಗೆ ಬಂದಿದ್ದಾಗ ಆ ಡಿಸ್ಕನ್ನು ಕೈಯಲ್ಲಿ ಹಿಡಿದು, "ಅಪ್ಪಾ, ಇದನ್ನು ನಾನು ಒಯ್ದರೆ ಅಮ್ಮನಿಗೆ ಕಂಪ್ಯೂಟರ್ ಸಿಗುತ್ತದೆ ತಾನೆ?" ಎಂದು ಕೇಳಿದಳು.

"ಸಿಗುತ್ತದಮ್ಮಾ" ಎಂದೆ.

ಹೆಂಡತಿ ಒಳಗಿನಿಂದಲೇ, "ಒಂದು ಸಲ ಕಿತ್ತು ತೋರಿಸಿಬಿಟ್ಟು ಆಮೇಲೆ ಕಳುಹಿಸಿ" ಎಂದಳು. ಕಿತ್ತು ತೋರಿಸಿದೆ. ಯಂತ್ರ ಎದ್ದಿತು.