ಆಂಬುಲೆನ್ಸ್ ಎಲ್ಲಿ ನಿಲ್ಲಬೇಕು: ಒಂದು ಲೆಕ್ಕಾಚಾರದ ಚರಿತ್ರೆ

ನ್ಯೂಯಾರ್ಕಿನ ಬೆಲ್ಲೆವ್ಯೂ ಆಸ್ಪತ್ರೆ 1869ರಲ್ಲಿ ಕುದುರೆಗಾಡಿಯ ಆಂಬುಲೆನ್ಸ್ ಸೇವೆಯನ್ನು ಆರಂಭಿಸಿತು. ಅದನ್ನು ರೂಪಿಸಿದವರು ಅಂತರ್ಯುದ್ಧದ ಕಾಲದಲ್ಲಿ ಸೇನಾವೈದ್ಯರಾಗಿದ್ದ ಎಡ್ವರ್ಡ್ ಡಾಲ್ಟನ್. ಆಸ್ಪತ್ರೆಯ ಗಾಡಿ ಆಸ್ಪತ್ರೆಯಲ್ಲೇ ನಿಲ್ಲುವುದು ಸಹಜವೆನಿಸಿತು. ಕುದುರೆ ಹೋಗಿ ಮೋಟಾರು ಬಂದ ಮೇಲೂ ಆ ರೂಢಿ ಉಳಿಯಿತು.

ಅದೇ ನಗರದಲ್ಲಿ ಈ ರೂಢಿಯನ್ನು ಪ್ರಶ್ನಿಸಿದ ಅಧ್ಯಯನ ಪ್ರಕಟವಾದದ್ದು ನೂರು ವರ್ಷಗಳ ನಂತರ, 1969ರಲ್ಲಿ. ನಗರಾಡಳಿತದಲ್ಲಿದ್ದ ಇ. ಎಸ್. ಸವಾಸ್ ಬ್ರೂಕ್ಲಿನ್‌ನ ಒಂದು ಆಸ್ಪತ್ರೆ ವಲಯದ ಆಂಬುಲೆನ್ಸ್ ಓಡಾಟವನ್ನು ಕಂಪ್ಯೂಟರಿನಲ್ಲಿ ಮರುರೂಪಿಸಿ ಪರೀಕ್ಷಿಸಿದರು. ವಾಹನಗಳನ್ನು ಆಸ್ಪತ್ರೆಯ ಬಳಿ ಗುಂಪಾಗಿ ನಿಲ್ಲಿಸದೆ, ಕರೆಗಳು ಹುಟ್ಟುವ ಕಡೆಗೆ ಹಂಚಬೇಕೆಂಬುದು ಅವರ ತೀರ್ಮಾನ. ಈ ಚರಿತ್ರೆಯಲ್ಲಿ ನನಗೆ ಅತಿ ಮುಖ್ಯವೆನಿಸುವ ತಿರುವು ಇದೇ.

1971ರಲ್ಲಿ ಟೊರೆಗಾಸ್, ಸ್ವೇನ್, ರೆವೆಲ್ ಮತ್ತು ಬರ್ಗ್‌ಮನ್ ಒಂದು ಗಣಿತ ಮಾದರಿಯನ್ನು ಮುಂದಿಟ್ಟರು: ನಗರದ ಪ್ರತಿಯೊಂದು ಭಾಗವನ್ನೂ ಗೊತ್ತಾದ ಸಮಯದೊಳಗೆ ತಲುಪಲು ಕನಿಷ್ಠ ಎಷ್ಟು ನೆಲೆಗಳು ಬೇಕು? ಉತ್ತರವಾಗಿ ಬಂದ ಸಂಖ್ಯೆ ಹಲವು ಸಲ ಖಜಾನೆಗೆ ಮೀರಿದ್ದು. ಹಾಗಾಗಿ 1974ರಲ್ಲಿ ಚರ್ಚ್ ಮತ್ತು ರೆವೆಲ್ ಪ್ರಶ್ನೆಯನ್ನೇ ಬದಲಿಸಿದರು: ಇರುವಷ್ಟು ನೆಲೆಗಳಿಂದ ಅತಿ ಹೆಚ್ಚು ಜನರನ್ನು ತಲುಪುವುದು ಹೇಗೆ? ಇದು ವ್ಯವಹಾರಕ್ಕೆ ಒಗ್ಗುವ ಮಾದರಿ, ಆದರೆ ನಿರ್ದಯವೂ ಹೌದು. ಜನ ವಿರಳವಾಗಿರುವ ನಗರದಂಚು ಈ ಲೆಕ್ಕದಿಂದ ಸುಲಭವಾಗಿ ಹೊರಗುಳಿಯುತ್ತದೆ. ಯಾರನ್ನು ಬಿಡಲಾಯಿತು ಎಂಬುದು ಅಂತಿಮ ಸಂಖ್ಯೆಯಲ್ಲಿ ಕಾಣುವುದಿಲ್ಲ.

ಇನ್ನೊಂದು ಕೊರತೆಯೂ ಇತ್ತು. ನೆಲೆ ಹತ್ತಿರವಿದ್ದರೂ ಗಾಡಿ ಬೇರೆ ಕರೆಗೆ ಹೋಗಿದ್ದರೆ? 1974ರಲ್ಲಿ ರಿಚರ್ಡ್ ಲಾರ್ಸನ್ ಸರದಿ ಸಿದ್ಧಾಂತದ ಮೂಲಕ, 1983ರಲ್ಲಿ ಮಾರ್ಕ್ ಡಾಸ್ಕಿನ್ ಸಂಭವನೀಯತೆಯ ಮೂಲಕ ಇದನ್ನು ಲೆಕ್ಕಕ್ಕೆ ತಂದರು. ಒಂದು ಗಾಡಿ ಶೇ. 30ರಷ್ಟು ಹೊತ್ತು ಕೆಲಸದಲ್ಲಿರುತ್ತದೆ ಎನ್ನೋಣ. ಅದೊಂದನ್ನೇ ನಂಬಿದ ಬಡಾವಣೆಗೆ ಶೇ. 70ರಷ್ಟು ಮಾತ್ರ ಭರವಸೆ. ಅಂಥದೇ ಎರಡನೆಯದು ಹತ್ತಿರವಿದ್ದರೆ ಅದು ಶೇ. 91ಕ್ಕೇರುತ್ತದೆ, ಮೂರನೆಯದರಿಂದ ಶೇ. 97ರ ಆಸುಪಾಸು. ಆದರೆ ಒಂದು ಗಾಡಿ ಕೆಲಸದಲ್ಲಿರುವಾಗ ಅದರ ಭಾರ ಪಕ್ಕದ್ದರ ಮೇಲೆ ಬೀಳುತ್ತದೆ. ಡಾಸ್ಕಿನ್‌ರ ಸರಳ ಲೆಕ್ಕ ಬದಿಗಿಟ್ಟ ಈ ಪರಸ್ಪರತೆಯನ್ನು ಲಾರ್ಸನ್‌ರ ಮಾದರಿ ಹಿಡಿಯುತ್ತದೆ. ಟೆಕ್ಸಾಸಿನ ಆಸ್ಟಿನ್ ನಗರ ಇಂಥ ನೆಲೆ-ಯೋಜನೆಯನ್ನು ನಿಜಕ್ಕೂ ಜಾರಿಗೆ ತಂದಿತು. ಅಲ್ಲಿ ಕರೆಗಳು ಹೆಚ್ಚಿದರೂ ತಲುಪುವ ಸರಾಸರಿ ಸಮಯ ಇಳಿದದ್ದನ್ನು 1985ರ ವರದಿ ದಾಖಲಿಸಿದೆ.

ಕರ್ನಾಟಕದಲ್ಲಿ 108 ಸೇವೆ ‘ಆರೋಗ್ಯ ಕವಚ’ವಾಗಿ ಬಂದದ್ದು 2008ರ ನವೆಂಬರ್ 1ರಂದು. ಆ ಹೊತ್ತಿಗೆ ಈ ಗಣಿತವೆಲ್ಲ ಸಿದ್ಧವಾಗಿತ್ತು. ಬೆಂಗಳೂರಿನಂಥ ಊರಿನಲ್ಲಿ ಬೆಳಗಿನ ಐದು ಗಂಟೆಯ ದೂರವೂ ಸಂಜೆ ಆರರ ದೂರವೂ ಒಂದೇ ಅಲ್ಲ. ಒಂದೇ ನಕ್ಷೆ ಇಡೀ ದಿನಕ್ಕೆ ಸಾಲದು. ಸೇವೆ ನಡೆಸುವವರು ಸರಾಸರಿ ಸಮಯದ ಜೊತೆಗೆ, ನಿಗದಿತ ಸಮಯದೊಳಗೆ ತಲುಪಲಾಗದ ವಾರ್ಡುಗಳ ಪಟ್ಟಿಯನ್ನೂ ಹೊತ್ತುವಾರು ಪ್ರಕಟಿಸಬೇಕು. ಹೊಸ ಆಂಬುಲೆನ್ಸುಗಳಿಗೆ ನೆಲೆ ಹುಡುಕುವ ಕೆಲಸ ಆ ಪಟ್ಟಿಯಿಂದ ಶುರುವಾಗಲಿ.