ಅಲ್ಪಸಂಖ್ಯಾತರ ಆಯೋಗವೂ ಜೈನ ಸಮಾಜವೂ: ಒಂದು ಐತಿಹಾಸಿಕ ಅವಲೋಕನ

ಕರ್ನಾಟಕ ರಾಜ್ಯ ಅಲ್ಪಸಂಖ್ಯಾತರ ಆಯೋಗವು 1994ರ ಅಧಿನಿಯಮದ ಆಧಾರದ ಮೇಲೆ ನಿಂತಿರುವ ಸಂಸ್ಥೆ. ಅಲ್ಪಸಂಖ್ಯಾತ ಸಮುದಾಯಗಳ ಅಭಿವೃದ್ಧಿಯು ಎಷ್ಟರಮಟ್ಟಿಗೆ ಸಾಗಿದೆಯೆಂದು ಪರಾಮರ್ಶಿಸುವುದು, ಸಂವಿಧಾನವೂ ಕಾನೂನುಗಳೂ ಅವರಿಗೆ ನೀಡಿರುವ ರಕ್ಷಣೆಗಳು ಆಚರಣೆಯಲ್ಲಿವೆಯೇ ಎಂದು ನೋಡುವುದು, ದೂರುಗಳನ್ನು ವಿಚಾರಿಸುವುದು, ಸರ್ಕಾರಕ್ಕೆ ಶಿಫಾರಸು ಮಾಡುವುದು ಇದರ ಕರ್ತವ್ಯಗಳು. ಶಿಫಾರಸು ಮಾಡಬಲ್ಲುದೇ ಹೊರತು ಆಜ್ಞೆ ಮಾಡಲಾರದು. ಈ ಒಂದು ಅಂಶವನ್ನು ಮರೆತವರು ಆಯೋಗದಿಂದ ಅತಿಯಾಗಿ ನಿರೀಕ್ಷಿಸಿ ನಿರಾಶರಾಗುತ್ತಾರೆ. ಇಲ್ಲವೇ ಅದನ್ನು ಪ್ರಮಾಣಪತ್ರ ಕೊಡುವ ಕಚೇರಿಯೆಂದು ಭಾವಿಸಿ ಅದರ ನಿಜವಾದ ಪ್ರಯೋಜನವನ್ನು ಕಳೆದುಕೊಳ್ಳುತ್ತಾರೆ.

ಬೆಂಗಳೂರಿನ ಹೊರವಲಯದ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ನೆಲೆಸಿರುವ ಜೈನ ಕುಟುಂಬಗಳು ಒಂದೇ ಮೂಲದವಲ್ಲ. ಹಾಸನ, ತುಮಕೂರು, ಬೆಳಗಾವಿ ಮತ್ತು ತುಳುನಾಡಿನಿಂದ ಉದ್ಯೋಗಾರ್ಥಿಗಳಾಗಿ ಬಂದ ದಿಗಂಬರರು ಒಂದೆಡೆ, ರಾಜಸ್ಥಾನ ಗುಜರಾತುಗಳಿಂದ ವ್ಯಾಪಾರಾರ್ಥವಾಗಿ ಬಂದ ಶ್ವೇತಾಂಬರರು ಮತ್ತೊಂದೆಡೆ. ಮನೆಮಾತು ಬೇರೆ; ಪರ್ಯೂಷಣದ ದಿನಗಳೂ ಬೇರೆ. ಜನಗಣತಿಯ ಹಾಳೆಯಲ್ಲಿ ಮಾತ್ರ ಎಲ್ಲರೂ ಒಂದೇ ಕಾಲಮಿನಲ್ಲಿ ಬರುತ್ತಾರೆ. 2011ರ ಗಣತಿಯಂತೆ ಕರ್ನಾಟಕದಲ್ಲಿ ಜೈನರ ಸಂಖ್ಯೆ 4,40,280. ಅಂದರೆ ರಾಜ್ಯದ ಜನಸಂಖ್ಯೆಯಲ್ಲಿ ನೂರಕ್ಕೆ ಮುಕ್ಕಾಲು ಪಾಲೂ ಇಲ್ಲ. ಗಂಗರ ಕಾಲದಲ್ಲಿ ನಾಡಿನ ಸಾಹಿತ್ಯ, ಶಿಲ್ಪ, ರಾಜ್ಯಭಾರಗಳಲ್ಲಿ ಮುಂದಾಳುಗಳಾಗಿದ್ದ ಸಮಾಜವು ಈ ಸಂಖ್ಯೆಗೆ ಇಳಿದ ಕಥೆ ದೀರ್ಘವಾದುದು. ಆ ಇಳಿತದ ಒಂದು ಹಂತದಲ್ಲಿ ಜೈನರು ರಾಜ್ಯಾಧಿಕಾರದ ಮುಂದೆ ಅಲ್ಪಸಂಖ್ಯಾತರಾಗಿ ನಿಂತು ನ್ಯಾಯ ಕೇಳಿದ ಪ್ರಸಂಗ ಮಾತ್ರ ಕಲ್ಲಿನ ಮೇಲೆ ಉಳಿದಿದೆ.

ಪೀಣ್ಯದಿಂದ ಪಶ್ಚಿಮಕ್ಕೆ ಹೋದರೆ ಸಿಗುವ ಮಾಗಡಿ ತಾಲ್ಲೂಕಿನಲ್ಲಿ ಕಲ್ಯವೆಂಬ ಗ್ರಾಮವಿದೆ. ಶಾಸನಗಳಲ್ಲಿ ಬರುವ ಕಲ್ಲೆಹ ಪಟ್ಟಣವೇ ಇದೆಂದು ವಿದ್ವಾಂಸರು ಗುರುತಿಸಿದ್ದಾರೆ. ಶಕವರ್ಷ 1290, ಎಂದರೆ ಕ್ರಿ.ಶ. 1368ರಲ್ಲಿ ವಿಜಯನಗರದ ಒಂದನೆಯ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ತೀರ್ಮಾನಿಸಿದ ಸಂಗತಿಯನ್ನು ಹೇಳುವ ಶಾಸನ ಶ್ರವಣಬೆಳಗೊಳದಲ್ಲಿಯೂ ಇದೆ, ಕಲ್ಯದಲ್ಲಿಯೂ ಇದೆ. ಶಾಸನವು ಜೈನರನ್ನು ‘ಭವ್ಯರು’ ಎಂದೂ ಶ್ರೀವೈಷ್ಣವರನ್ನು ‘ಭಕ್ತರು’ ಎಂದೂ ಕರೆಯುತ್ತದೆ. ಭಕ್ತರಿಂದ ತಮಗಾದ ಅನ್ಯಾಯವನ್ನು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ನಾಡುಗಳ ಭವ್ಯರು ಅರಸನಲ್ಲಿ ಬಿನ್ನವಿಸಿಕೊಂಡರು. ಅರಸನು ಉಭಯ ಪಕ್ಷದ ಪ್ರಮುಖರನ್ನು ಕರೆಸಿ, ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ವಿಧಿಸಿದನು. ಪಂಚಮಹಾವಾದ್ಯಗಳಿಗೂ ಕಳಶಕ್ಕೂ ಜೈನ ದರ್ಶನವು ಹಿಂದಿನಂತೆಯೇ ಅರ್ಹವೆಂದು ಸಾರಲಾಯಿತು.

ಈ ಶಾಸನವನ್ನು ಸರ್ವಧರ್ಮ ಸಮಭಾವದ ನಿದರ್ಶನವೆಂದು ಉಲ್ಲೇಖಿಸುವವರು ಬಹುಮಂದಿ. ಅದರ ಲೆಕ್ಕದ ಭಾಗವನ್ನು ಓದುವವರು ವಿರಳ. ರಾಜ್ಯದಲ್ಲಿನ ಜೈನರ ಮನೆಮನೆಯಿಂದ ವರ್ಷಕ್ಕೆ ಒಂದೊಂದು ಹಣವನ್ನು ಎತ್ತಬೇಕು. ಅದರಿಂದ ಬೆಳಗೊಳದ ದೇವರ ಅಂಗರಕ್ಷೆಗಾಗಿ ಇಪ್ಪತ್ತು ಆಳುಗಳನ್ನು ಇಡಬೇಕು. ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಯಿಸಬೇಕು. ಈ ಕಾರ್ಯದ ಹೊಣೆ ತಿರುಮಲೆಯ ತಾತಯ್ಯನದು, ಆತ ಶ್ರೀವೈಷ್ಣವನು. ಪ್ರಬಲ ಪಕ್ಷದವರನ್ನೇ ದುರ್ಬಲ ಪಕ್ಷದ ಕಾವಲಿಗೆ ಹೊಣೆ ಮಾಡಿದುದು ರಾಜನೀತಿಯ ಚಾತುರ್ಯವೇ ಸರಿ. ಆದರೆ ಕಾವಲಿನ ವೆಚ್ಚವು ಬಿದ್ದುದು ರಕ್ಷಣೆ ಬೇಡಿದವರ ಮೇಲೆಯೇ. ಬೊಕ್ಕಸದಿಂದ ಒಂದು ಹಣವೂ ಹೊರಡಬೇಕೆಂದು ಶಾಸನದಲ್ಲಿ ಹೇಳಿಲ್ಲ. ವ್ಯಾಪಾರದ ಲೆಕ್ಕ ಬಲ್ಲ ಯಾವ ಶ್ರಾವಕನಾದರೂ ಈ ಜಮಾ-ಖರ್ಚನ್ನು ಗಮನಿಸದೆ ಇರಲಾರನು.

ಶಾಸನದ ಕೊನೆಯ ಭಾಗದಲ್ಲಿ ಇನ್ನೊಂದು ಮಾತಿದೆ. ಕಲ್ಲೆಹದ ಹರ್ವಿ ಸೆಟ್ಟಿಯ ಮಗ ಬುಸುವಿ ಸೆಟ್ಟಿ ಎಂಬಾತನು ಬುಕ್ಕರಾಯನಲ್ಲಿ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದನು. ಇದಕ್ಕಾಗಿ ಉಭಯ ಸಮಯದವರೂ ಕೂಡಿ ಆತನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು. ಉಭಯ ಸಮಯದವರೂ ಎಂಬುದು ಇಲ್ಲಿ ಮುಖ್ಯ. ಸ್ವಸಮಾಜದ ಪರವಾಗಿ ಅರಸನ ಬಾಗಿಲಿಗೆ ಹೋದ ಒಬ್ಬ ಸೆಟ್ಟಿಯನ್ನು ಎದುರು ಪಕ್ಷದವರೂ ಗೌರವಿಸುವಂತಾಯಿತು.

ಸಣ್ಣ ಸಮುದಾಯವೊಂದಕ್ಕೆ ಪ್ರಭುತ್ವವು ನೆಲೆ ಕಲ್ಪಿಸಿದ ಮತ್ತೊಂದು ಉದಾಹರಣೆ ಇದೇ ಹೊರವಲಯದ ಪೂರ್ವ ದಿಕ್ಕಿನಲ್ಲಿದೆ. ಇಂದು ಗಣಕಯಂತ್ರೋದ್ಯಮದ ಹೆಸರಿನಿಂದ ಪ್ರಸಿದ್ಧವಾಗಿರುವ ವೈಟ್‌ಫೀಲ್ಡ್ ಮೂಲತಃ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಕುಟುಂಬಗಳ ಕೃಷಿ ವಸಾಹತು. 1882ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ಆ ಸಮುದಾಯದ ಸಂಘಕ್ಕೆ ವಿಸ್ತಾರವಾದ ಭೂಮಿಯನ್ನು ದಯಪಾಲಿಸಿದರು. ಸಂಘದ ಮುಂದಾಳು ಡಿ. ಎಸ್. ವೈಟ್ ಅವರ ಹೆಸರೇ ಊರಿಗೆ ನಿಂತಿತು. ಸ್ವಾತಂತ್ರ್ಯಾನಂತರ ಸಂವಿಧಾನವು ಆಂಗ್ಲೋ-ಇಂಡಿಯನ್ನರಿಗೆ ಲೋಕಸಭೆಯಲ್ಲಿಯೂ ವಿಧಾನಸಭೆಗಳಲ್ಲಿಯೂ ನಾಮಕರಣದ ಅವಕಾಶವನ್ನಿತ್ತಿತ್ತು. 104ನೆಯ ತಿದ್ದುಪಡಿಯ ಮೂಲಕ 2020ರ ಜನವರಿಯಲ್ಲಿ ಅದು ಕೊನೆಗೊಂಡಿತು. ಪ್ರಭುತ್ವವು ಕೊಟ್ಟುದನ್ನು ಪ್ರಭುತ್ವವೇ ಹಿಂದಕ್ಕೆ ಪಡೆಯಬಹುದು.

ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯಿಂದ ಹಿಡಿದು 1975ರಲ್ಲಿ ವರದಿ ಒಪ್ಪಿಸಿದ ಎಲ್. ಜಿ. ಹಾವನೂರ ಆಯೋಗದವರೆಗಿನ ವಿಚಾರಣೆಗಳು ಹಿಂದುಳಿದ ವರ್ಗಗಳಿಗೆ ಸಂಬಂಧಿಸಿದುವು. ಅವುಗಳ ವಿವರ ಇಲ್ಲಿ ಅನಗತ್ಯ. ಆದರೆ ಒಂದು ಭ್ರಾಂತಿಯನ್ನು ನಿವಾರಿಸಬೇಕಾಗಿದೆ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯ 3-ಬಿ ಪ್ರವರ್ಗದಲ್ಲಿ ದಿಗಂಬರ ಜೈನರ ಹೆಸರಿದೆ, ಶ್ವೇತಾಂಬರರದಿಲ್ಲ. ಅಲ್ಪಸಂಖ್ಯಾತ ಮಾನ್ಯತೆಯಾದರೋ ಸಮಸ್ತ ಜೈನರಿಗೂ ಅನ್ವಯಿಸುತ್ತದೆ. ಆದರೆ ಅದರಿಂದ ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ದೊರೆಯದು. ಇವೆರಡನ್ನೂ ಬೆರೆಸಿ ಅರ್ಜಿ ಬರೆಯುವವರು ತಾಲ್ಲೂಕು ಕಚೇರಿಗೆ ಹತ್ತು ಸಲ ಅಲೆಯುತ್ತಾರೆ.

ಕೇಂದ್ರದ ಮಾನ್ಯತೆಗಾಗಿ ಜೈನರು ಕಾದ ಕಾಲ ಅಲ್ಪವಲ್ಲ. ಸಂವಿಧಾನದ 25ನೆಯ ಅನುಚ್ಛೇದದ ವಿವರಣೆಯಲ್ಲಿ ಹಿಂದೂ ಎಂಬ ಪದವು ಜೈನರನ್ನೂ ಒಳಗೊಳ್ಳುತ್ತದೆಂಬ ಮಾತು ಬಂದಾಗ, 1950ರ ಜನವರಿಯಲ್ಲಿ ಜೈನ ನಿಯೋಗವೊಂದು ಪ್ರಧಾನಿ ನೆಹರೂ ಅವರನ್ನು ಕಂಡಿತು. ಆ ವಿವರಣೆಯು ಸೀಮಿತ ಉದ್ದೇಶದ್ದೆಂದೂ ಜೈನರು ಪ್ರತ್ಯೇಕ ಧರ್ಮದವರೆಂಬುದಕ್ಕೆ ಅದರಿಂದ ಬಾಧಕವಿಲ್ಲವೆಂದೂ ಜನವರಿ 31ರಂದು ಪ್ರಧಾನಿಯವರ ಕಾರ್ಯದರ್ಶಿಗಳಿಂದ ಪತ್ರ ಬಂದಿತು. ಪತ್ರದಿಂದ ಸಮಾಧಾನವಾಯಿತು, ಹಕ್ಕು ಹುಟ್ಟಲಿಲ್ಲ. 1992ರ ಕಾಯಿದೆಯಂತೆ ರಾಷ್ಟ್ರೀಯ ಆಯೋಗವು ರಚಿತವಾಗಿ, 1993ರ ಅಕ್ಟೋಬರಿನಲ್ಲಿ ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಪಾರ್ಸಿ ಎಂಬ ಐದು ಸಮುದಾಯಗಳನ್ನು ಅಧಿಸೂಚಿಸಿದಾಗ ಜೈನರ ಹೆಸರು ಅದರಲ್ಲಿರಲಿಲ್ಲ.

ಮುಂದಿನ ಹೆಜ್ಜೆಗೆ ಕಾರಣವಾದ ಮೊಕದ್ದಮೆ ಕನ್ನಡನಾಡಿನದೇ. ಮಣಿಪಾಲದ ಟಿ. ಎಂ. ಎ. ಪೈ ಪ್ರತಿಷ್ಠಾನವು ಕರ್ನಾಟಕ ಸರ್ಕಾರದ ವಿರುದ್ಧ ಹೂಡಿದ್ದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಮೂರ್ತಿಗಳ ಪೀಠವು 2002ರ ಅಕ್ಟೋಬರ್ 31ರಂದು ತೀರ್ಪಿತ್ತು, 30ನೆಯ ಅನುಚ್ಛೇದದ ಹಕ್ಕಿನ ವಿಷಯದಲ್ಲಿ ಧರ್ಮ ಹಾಗೂ ಭಾಷೆಯ ಅಲ್ಪಸಂಖ್ಯೆಯನ್ನು ರಾಜ್ಯವಾರು ಅಳೆಯಬೇಕೆಂದು ಹೇಳಿತು. 2005ರ ಆಗಸ್ಟ್ 8ರಂದು ಬಾಳ್ ಪಾಟೀಲರ ಪ್ರಕರಣದಲ್ಲಿ, ಜೈನರನ್ನು ಅಧಿಸೂಚಿಸುವಂತೆ ಕೇಂದ್ರಕ್ಕೆ ನಿರ್ದೇಶನ ಕೊಡಲು ಅದೇ ನ್ಯಾಯಾಲಯ ಒಪ್ಪಲಿಲ್ಲ. ಅಲ್ಪಸಂಖ್ಯಾತರ ಪಟ್ಟಿ ಬೆಳೆಯುತ್ತ ಹೋಗುವುದು ರಾಷ್ಟ್ರಕ್ಕೆ ಹಿತವೇ ಎಂದು ನ್ಯಾಯಾಲಯ ವ್ಯಕ್ತಪಡಿಸಿದ ಆತಂಕ ಸಮಾಜಕ್ಕೆ ನೋವುಂಟುಮಾಡಿತು. ಆದರೂ ಅದು ನಿರ್ಲಕ್ಷಿಸತಕ್ಕ ಪ್ರಶ್ನೆಯಾಗಿರಲಿಲ್ಲ. ಅಂತಿಮವಾಗಿ 2014ರ ಜನವರಿ 27ರ ಅಧಿಸೂಚನೆಯಿಂದ ಜೈನರು ಆರನೆಯ ಸಮುದಾಯವಾದರು.

ಹೆಸರು ಮತ್ತು ಎಣಿಕೆ ಎರಡೂ ಸರಿಯಾಗುವ ತನಕ ಸಣ್ಣ ಸಮುದಾಯವು ಸರ್ಕಾರದ ಕಣ್ಣಿಗೆ ಬೀಳುವುದಿಲ್ಲವೆಂಬುದು ಭಾರತದ ಅನುಭವ ಮಾತ್ರವಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯವು ತನ್ನ ಮೆಕ್ಸಿಕನ್ ಮೂಲದ ನಿವಾಸಿಗಳಿಗಾಗಿ 1971ರಲ್ಲಿ ಒಂದು ಆಯೋಗವನ್ನು ರಚಿಸಿತು. 1987ರಲ್ಲಿ ಅದರ ಹೆಸರು ಹಿಸ್ಪಾನಿಕ್ ವ್ಯವಹಾರಗಳ ಆಯೋಗವೆಂದಾಯಿತು. ಒಹಾಯೋ ರಾಜ್ಯವೂ 1977ರಲ್ಲಿ ಸ್ಪ್ಯಾನಿಷ್ ಭಾಷಿಕರಿಗಾಗಿ ಇಂತಹದೇ ಸಂಸ್ಥೆಯನ್ನು ಸ್ಥಾಪಿಸಿತು. ಮೆಕ್ಸಿಕೋ, ಪೋರ್ಟೊರಿಕೊ, ಕ್ಯೂಬಾಗಳಿಂದ ಬಂದವರು ತಮ್ಮತಮ್ಮಲ್ಲಿ ಬೇರೆಬೇರೆಯೆಂದು ಭಾವಿಸಿದರೂ, ಸರ್ಕಾರದ ದಾಖಲೆಯಲ್ಲಿ ಅವರಿಗೆ ಒಂದೇ ಹೆಸರು. ಸ್ಪ್ಯಾನಿಷ್ ಮೂಲದವರ ಅಂಕಿ-ಅಂಶಗಳನ್ನು ಪ್ರತ್ಯೇಕವಾಗಿ ಸಂಗ್ರಹಿಸಬೇಕೆಂದು ಅಲ್ಲಿನ ಸಂಸತ್ತು ಕಾನೂನು ಮಾಡಿದುದು 1976ರಲ್ಲಿ. ಈ ಆಯೋಗಗಳ ಕೆಲಸವೂ ಗವರ್ನರರಿಗೆ ಮತ್ತು ಶಾಸಕರಿಗೆ ಸಲಹೆ ನೀಡುವುದೇ. ಕೃಷಿಕೂಲಿಯವನ ಮಾತನ್ನು ರಾಜಧಾನಿಗೆ ಮುಟ್ಟಿಸುವ ಕಿವಿಯಾಗಿ ಅವು ವರ್ತಿಸಬೇಕೆಂಬುದು ಆಶಯ.

ಜೈನ ಸಮಾಜದಲ್ಲಿ ಆ ಕಿವಿಯ ಅಗತ್ಯ ಯಾರಿಗಿದೆ? ಜೈನರೆಂದರೆ ಧನಿಕರೆಂಬ ಲೋಕರೂಢಿಯಿದೆ. ಸಾಕ್ಷರತೆಯಲ್ಲಿ 2001ರ ಗಣತಿಯಂತೆ ಶೇಕಡಾ 94.1ರಷ್ಟಿದ್ದು ದೇಶದಲ್ಲಿಯೇ ಮೊದಲಿಗರೆಂಬುದೂ ನಿಜ. ಆದರೆ ಹಳ್ಳಿಯ ಬಸದಿಯಲ್ಲಿ ನಿತ್ಯಪೂಜೆ ನಡೆಸುವ ಇಂದ್ರರ ಮಗನು ಪೀಣ್ಯದ ಯಂತ್ರಶಾಲೆಯಲ್ಲಿ ಪಾಳಿಯ ಕೆಲಸಕ್ಕೆ ನಿಂತಿರುವುದೂ, ಅಂಗಡಿಯ ಗುಮಾಸ್ತೆಯ ಮಗಳು ಶುಲ್ಕವಿಲ್ಲದೆ ಕಾಲೇಜು ಬಿಡುವುದೂ ಅಷ್ಟೇ ನಿಜ. 2014ರ ಮಾನ್ಯತೆಯಿಂದ ಇಂತಹ ಮಕ್ಕಳಿಗೆ ಕೇಂದ್ರದ ಅಲ್ಪಸಂಖ್ಯಾತ ವಿದ್ಯಾರ್ಥಿವೇತನಗಳ ಬಾಗಿಲು ತೆರೆಯಿತು. ಮೆಟ್ರಿಕ್-ಪೂರ್ವ ವೇತನಕ್ಕೆ ಕುಟುಂಬದ ವಾರ್ಷಿಕ ಆದಾಯ ಒಂದು ಲಕ್ಷ ರೂಪಾಯಿ, ಮೆಟ್ರಿಕ್-ನಂತರದ ವೇತನಕ್ಕೆ ಎರಡು ಲಕ್ಷ ಎಂದು ಮಿತಿಯನ್ನಿಡಲಾಗಿತ್ತು. 2022-23ರಿಂದ ಮೆಟ್ರಿಕ್-ಪೂರ್ವ ವೇತನವನ್ನು ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೆ ಮಿತಗೊಳಿಸಿದರು. ಧನಿಕರು ಅರ್ಜಿ ಹಾಕುವಂತಿಲ್ಲ. ಬಡವರು ಸಂಕೋಚದಿಂದ ಹಾಕುವುದಿಲ್ಲ. ಜೈನನಾಗಿ ಬಡವನೆಂದು ಹೇಳಿಕೊಳ್ಳುವುದು ಹೇಗೆಂಬ ಈ ಸಂಕೋಚವನ್ನು ಬಿಡಿಸುವುದು ಆಯೋಗದಿಂದಾಗುವ ಕೆಲಸವಲ್ಲ. ಅದು ಬಸದಿಯ ಟ್ರಸ್ಟಿನಿಂದ ಆಗಬೇಕಾದುದು.

ಶಾಲೆಗಳ ವಿಷಯ ಇದಕ್ಕಿಂತ ಗಹನವಾದುದು. ಹೊರವಲಯದಲ್ಲಿ ಬಡಾವಣೆಗಳು ಬೆಳೆದಂತೆ ಶಾಲೆ ತೆರೆಯುವ ಉತ್ಸಾಹ ಟ್ರಸ್ಟುಗಳಲ್ಲಿ ಮೂಡುವುದು ಸಹಜ. ಅಲ್ಪಸಂಖ್ಯಾತರು ತಮಗೆ ಬೇಕಾದ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು 30ನೆಯ ಅನುಚ್ಛೇದ ಕೊಟ್ಟಿದೆ. ಪ್ರಾಕೃತ, ಹಳಗನ್ನಡ, ಜಿನಾಗಮಗಳ ಅಧ್ಯಯನವನ್ನು ಪಾಠಕ್ರಮದಲ್ಲಿ ಸೇರಿಸುವ ಶಾಲೆಗೆ ಈ ಹಕ್ಕು ಜೀವದಾನವೇ. ಆದರೆ 2014ರ ಮೇ 6ರಂದು ಪ್ರಮತಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, 2009ರ ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದೆಂದು ತೀರ್ಪಿತ್ತಿತು. ಆ ಕಾಯಿದೆಯಂತೆ ಖಾಸಗಿ ಶಾಲೆಗಳು ಬಡ ಹಾಗೂ ದುರ್ಬಲ ವರ್ಗದ ಮಕ್ಕಳಿಗೆ ಒಂದನೆಯ ತರಗತಿಯಲ್ಲಿ ನೂರಕ್ಕೆ 25 ಸ್ಥಾನಗಳನ್ನು ಕೊಡಬೇಕು. ಜೈನರ ಮಾನ್ಯತೆ ಬಂದ ವರ್ಷವೇ ಈ ವಿನಾಯಿತಿಯೂ ದೃಢವಾಯಿತು. ಪ್ರಾಕೃತದ ಒಂದಕ್ಷರವನ್ನೂ ಕಲಿಸದೆ, ಈ ವಿನಾಯಿತಿಯೊಂದಕ್ಕಾಗಿಯೇ ಪ್ರಮಾಣಪತ್ರ ಪಡೆಯುವ ಶಾಲೆಯು ಕಾನೂನಿಗೆ ಸಲ್ಲಬಹುದು. ಆಹಾರ, ಅಭಯ, ಔಷಧ, ಶಾಸ್ತ್ರಗಳೆಂಬ ನಾಲ್ಕು ದಾನಗಳನ್ನು ಶ್ರಾವಕಧರ್ಮವೆಂದು ಓದುವ ಸಮಾಜಕ್ಕೆ ಅದು ಸಲ್ಲದು. ಕಾರ್ಖಾನೆಯ ಕೂಲಿಯವನ ಮಗುವನ್ನು ಬಾಗಿಲಲ್ಲಿ ತಡೆಯುವ ಕಾಗದಕ್ಕೆ ಜಿನನ ಹೆಸರನ್ನು ಬಳಸುವುದು ಪರಿಗ್ರಹದ ಒಂದು ರೂಪವೇ.

ಕರ್ನಾಟಕದಲ್ಲಿ 2019ರಿಂದ ನಿಯಮ ಬದಲಾಗಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಗಳು ಈ ಸ್ಥಾನಗಳನ್ನು ಕೊಡಬೇಕಾದ ಅಗತ್ಯ ತಪ್ಪಿತು. 2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವು ಪ್ರಮತಿ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ಹಿರಿಯ ಪೀಠದ ಪರಿಶೀಲನೆಗಾಗಿ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ಆ ಪೀಠ ಏನನ್ನೇ ಹೇಳಲಿ, ಅಲ್ಪಸಂಖ್ಯಾತ ಶಾಲೆಯೊಂದು ತಾನಾಗಿಯೇ 25 ಸ್ಥಾನಗಳನ್ನು ಬಡ ಮಕ್ಕಳಿಗೆ ಮೀಸಲಿಡುವುದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ. ಅದಕ್ಕೆ ಬೇಕಾದುದು ಟ್ರಸ್ಟಿನ ಸಭೆಯ ಒಂದು ನಿರ್ಣಯ ಮತ್ತು ವಾರ್ಷಿಕ ಆಯವ್ಯಯದಲ್ಲಿ ಅದರ ವೆಚ್ಚಕ್ಕೆ ಒಂದು ಬಾಬತ್ತು.