ಬುತ್ತಿಯೊಳಗಿನ ಋತುಗಳು

ಋತುಗಳು ಆರೆಂದು ಬಾಲಕರಿಗೆ ಕಲಿಸುತ್ತೇವೆ. ಆ ಋತುಗಳು ಅವರ ಬುತ್ತಿಯ ಗಂಟಿನಲ್ಲಿಯೂ ಇವೆಯೆಂದು ಹೇಳುವುದು ವಿರಳ. ಕಾಲಕ್ಕೆ ತಕ್ಕಂತೆ ಉಣ್ಣಬೇಕೆಂಬ ವಿಚಾರಕ್ಕೆ ನಮ್ಮಲ್ಲಿ ದೀರ್ಘವಾದ ಲಿಖಿತ ಇತಿಹಾಸವಿದೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ನೂರು ಅಧ್ಯಾಯಗಳ ಆ ವಿಶ್ವಕೋಶದಲ್ಲಿ ಅನ್ನಭೋಗವೂ ಒಂದು ವಿಷಯ. ವಸಂತದಲ್ಲಿ ಖಾರ, ಗ್ರೀಷ್ಮದಲ್ಲಿ ಸಿಹಿ ಮತ್ತು ತಂಪು, ವರ್ಷದಲ್ಲಿ ಉಪ್ಪು, ಶರದದಲ್ಲಿ ಸಿಹಿ, ಹೇಮಂತದಲ್ಲಿ ಜಿಡ್ಡು ಹಾಗೂ ಬಿಸಿ, ಶಿಶಿರದಲ್ಲಿ ಬಿಸಿ ಹಾಗೂ ಹುಳಿ ಎಂಬುದು ಅರಸನ ಊಟಕ್ಕೆ ಅಲ್ಲಿ ಹೇಳಿದ ಕ್ರಮ. ಕೊಲ್ಹಾಪುರದ ಶಿಲಾಹಾರರು ಆ ಚಾಲುಕ್ಯರ ಮಾಂಡಲಿಕರಾಗಿದ್ದವರು. ಆದ್ದರಿಂದ ಈ ಗ್ರಂಥವನ್ನು ಪರನಾಡಿನದೆಂದು ನಾವು ಎಣಿಸಬೇಕಾಗಿಲ್ಲ.

ಇದರ ಕಾರಣವನ್ನು ಚರಕಸಂಹಿತೆಯು ಅದಕ್ಕೂ ಬಹು ಹಿಂದೆಯೇ ವಿವರಿಸಿತ್ತು. ಚಳಿಯಲ್ಲಿ ಜಠರಾಗ್ನಿ ಪ್ರಬಲವಾಗಿರುವುದರಿಂದ ಜಿಡ್ಡಿನ, ಜಡವಾದ ಆಹಾರವೂ ಅರಗುತ್ತದೆ. ಮಳೆಗಾಲದಲ್ಲಿ ಅಗ್ನಿ ಮಂದವಾಗುವುದರಿಂದ ಹಳೆಯ ಧಾನ್ಯ ಲೇಸು. ಚಳಿಗಾಲದಲ್ಲಿ ಕೂಡಿದ ಕಫವು ವಸಂತದ ಬಿಸಿಲಿಗೆ ಕರಗುವುದರಿಂದ ಆಗ ಸಿಹಿಯನ್ನೂ ಜಿಡ್ಡನ್ನೂ ಬಿಡಬೇಕು. ಭೋಗಿಯ ದಿನ ನಮ್ಮ ಮನೆಗಳಲ್ಲಿ ಎಳ್ಳು ಹಚ್ಚಿದ ಸಜ್ಜೆರೊಟ್ಟಿಗೆ ಬೆಣ್ಣೆ ಹಾಕಿಕೊಂಡು ಉಣ್ಣುವುದು ಈ ಮಾತಿಗೆ ಚೆನ್ನಾಗಿ ಹೊಂದುತ್ತದೆ. ಯುಗಾದಿಯ ಬೇವು ಹೊಂದುತ್ತದೆ, ಬೆಲ್ಲ ಹೊಂದುವುದಿಲ್ಲ. ಕಬ್ಬಿನ ಸೀಮೆಯವರಾದ ನಾವು ಅದನ್ನು ಬಿಡುವವರೂ ಅಲ್ಲ!

ಚೀನದೇಶದ ವೈದ್ಯವೂ ಇದೇ ದಾರಿಯಲ್ಲಿ ವಿಚಾರಮಾಡಿದೆ. ಅಲ್ಲಿಯ ಯುವಾನ್ ಅರಸರ ಆಹಾರವೈದ್ಯನಾದ ಹು ಸಿಹುಯಿ ಎಂಬವನು 1330ರಲ್ಲಿ ಒಪ್ಪಿಸಿದ ಗ್ರಂಥದಲ್ಲಿ ವಸಂತಕ್ಕೆ ಗೋದಿ, ಬೇಸಗೆಗೆ ದ್ವಿದಳ ಕಾಳು, ಶರತ್ಕಾಲದ ಒಣಹವೆಗೆ ಎಳ್ಳು, ಚಳಿಗಾಲಕ್ಕೆ ಬರಗು ಎಂದು ಹೇಳಿದ್ದಾನೆ. ಒಣಗಿದ ಮೈಗೆ ಎಳ್ಳಿನ ಜಿಡ್ಡು ಬೇಕೆಂದು ಎರಡು ನಾಡುಗಳಿಗೂ ತೋರಿದ್ದು ಗಮನಾರ್ಹ.

ಆದರೆ ನಮ್ಮ ಅಡಿಗೆಯೆಲ್ಲ ಸೋಮೇಶ್ವರನ ಕಾಲದ್ದೆಂದು ಮಕ್ಕಳಿಗೆ ಹೇಳುವುದು ಸರಿಯಲ್ಲ. ಕೊಲ್ಹಾಪುರದ ಹೆಸರನ್ನು ಎಲ್ಲೆಡೆ ಹಬ್ಬಿಸಿದ ಕೆಂಪು ರಸ್ಸಾ ಅವನ ಪಂಕ್ತಿಯಲ್ಲಿ ಇರುವಂತಿರಲಿಲ್ಲ. ಮೆಣಸಿನಕಾಯಿ ಅಮೇರಿಕಾ ಖಂಡದ ಬೆಳೆ; ಪೋರ್ತುಗೀಜರು 1498ರಲ್ಲಿ ಬಂದ ಮೇಲೆಯೇ ಅದು ನಮಗೆ ದೊರೆಯಿತು. ಅವನು ಹೇಳಿದ ಖಾರಕ್ಕೆ ಮೆಣಸು, ಶುಂಠಿ, ಹಿಪ್ಪಲಿಗಳಿದ್ದವು. ಮೆಣಸಿನ ಹೆಸರನ್ನೇ ಹೊಸ ಕಾಯಿಗೆ ಇಟ್ಟುದರಲ್ಲಿ ನಮ್ಮ ಭಾಷೆಯು ಈ ಇತಿಹಾಸವನ್ನು ಕಾಪಾಡಿಕೊಂಡಿದೆ. ನಾಗರಪಂಚಮಿಯ ಶೇಂಗಾ ಉಂಡಿಯ ಶೇಂಗಾ ಸಹ ಆ ಖಂಡದ್ದೇ.

ಒಂದೇ ಋತು ಒಂದೇ ಜಿಲ್ಲೆಯಲ್ಲಿ ಒಂದೇ ಬಗೆಯಾಗಿರುವುದೂ ಇಲ್ಲ. ಗಗನಬಾವಡೆಯಲ್ಲಿ ಸಹ್ಯಾದ್ರಿಯ ಮಳೆ ಧಾರಾಕಾರ. ಪೂರ್ವಕ್ಕೆ ಇಳಿದಂತೆ ಮಳೆ ತಗ್ಗುತ್ತದೆ, ಅನ್ನದ ಬದಲು ಜೋಳದ ರೊಟ್ಟಿ ಮುಂದಾಗುತ್ತದೆ. ಗಡಹಿಂಗ್ಲಜದ ರೈತನು ಹೊಲ ಕೊಟ್ಟುದನ್ನು ಉಂಡನು. ಅವನಿಗೆ ಋತುಚರ್ಯೆಯೆಂಬುದು ವೈದ್ಯನ ಅಪ್ಪಣೆಯಾಗಿರಲಿಲ್ಲ. ಇಚಲಕರಂಜಿಯಲ್ಲಿ ರಾತ್ರಿಯ ಪಾಳಿಗೆ ಮಗ್ಗದ ಮುಂದೆ ನಿಲ್ಲುವವನ ಡಬ್ಬಿಯಲ್ಲಿ ಜ್ಯೇಷ್ಠಕ್ಕೂ ಪುಷ್ಯಕ್ಕೂ ಅಂತರ ಕಾಣುವುದು ಕಷ್ಟ. ಆರು ಋತುಗಳಿಗೆ ಆರು ಬಗೆಯ ರುಚಿಯನ್ನು ಆರಿಸಿಕೊಳ್ಳಲು ಅರಸನ ಉಗ್ರಾಣ ಬೇಕು. 1876ರಲ್ಲಿ ಮುಂಗಾರು ಕೈಕೊಟ್ಟು ದಖ್ಖನಿನಲ್ಲಿ ಕ್ಷಾಮ ಬಿದ್ದಾಗ, ಯಾವ ತಿಂಗಳಿಗೆ ಯಾವ ರಸವೆಂದು ಕೇಳುವವರು ಇರಲಿಲ್ಲ.